ಮೂವತ್ತು ಸಾವಿರದೊಳಗಿನ ಕಾರ್ಡು

ಬೆಳಿಗ್ಗೆ ಹತ್ತೂವರೆ ದಾಟುತ್ತಿದ್ದಂತೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಶಟರ್‌ಗಳು ಸದ್ದು ಮಾಡುತ್ತ ಮೇಲೇಳುತ್ತವೆ. ಅಂಗಡಿ ಹುಡುಗರು ಮೆಟ್ಟಿಲಿಗೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ. ಟೌನ್‌ಹಾಲ್ ಕಡೆಯಿಂದ ಒಳಹೊಕ್ಕವರಿಗೆ ಎರಡೂ ಬದಿಯಲ್ಲಿ ಕೇಬಲ್ ಸುರುಳಿಗಳು, ಸಿ.ಸಿ. ಕ್ಯಾಮೆರಾಗಳು, ಮಿಣುಕುವ ಎಲ್‌ಇಡಿ ಪಟ್ಟಿಗಳು. ನಡುವೆ ತಳ್ಳುಗಾಡಿಯವನು ಮಾನಿಟರ್ ಪೆಟ್ಟಿಗೆಗಳನ್ನು ಪೇರಿಸಿಕೊಂಡು ‘ಸೈಡ್, ಸೈಡ್’ ಎನ್ನುತ್ತ ದಾರಿ ಬಿಡಿಸಿಕೊಳ್ಳುತ್ತಾನೆ. ಸ್ಕೂಟರಿನ ಹಿಂದೆ ಕುಳಿತವರ ತೊಡೆಯ ಮೇಲೆ ಕಂಪ್ಯೂಟರ್ ಕ್ಯಾಬಿನೆಟ್ ಇರುತ್ತದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಹೋದರೆ, ಗಾಜಿನ ಕಪಾಟಿನ ತುಂಬ ಗ್ರಾಫಿಕ್ಸ್ ಕಾರ್ಡುಗಳ ಪೆಟ್ಟಿಗೆಗಳು. ಕೆಲವಕ್ಕೆ ಎರಡು ಫ್ಯಾನು, ಕೆಲವಕ್ಕೆ ಮೂರು. ಮೇಲಿನ ಸಾಲಿನವು ಲಕ್ಷ ದಾಟುತ್ತವೆ. ಕೆಳಗಿನ ಸಾಲಿನವನ್ನು ಕೇಳುವವರು ಕಡಿಮೆ. ಜನ ಬೆರಳಿಟ್ಟು ತೋರಿಸುವುದು ನಡುವಿನ ಸಾಲನ್ನು.

ತಿಪಟೂರು ಕಡೆಯಿಂದ ಬಂದ ಅಪ್ಪ-ಮಗ ಕೌಂಟರಿನ ಮುಂದೆ ನಿಂತಿದ್ದಾರೆ. ಅಪ್ಪನದು ಬಿಳಿ ಅಂಗಿ, ಜೇಬಿನಲ್ಲಿ ಮಡಿಸಿದ ಚೀಟಿ. ಮಗ ಎಂಜಿನಿಯರಿಂಗ್ ಎರಡನೇ ವರ್ಷ, ಎ.ಐ.-ಎಂ.ಎಲ್. ಶಾಖೆ. ಕಾಲೇಜಿನ ಪ್ರಾಜೆಕ್ಟಿಗೆ ಕಾರ್ಡು ಬೇಕು. ಸಂಜೆ ಆಟಕ್ಕೂ ಬೇಕೆಂಬುದು ಅವನ ಮುಖದಲ್ಲೇ ಕಾಣುತ್ತದೆ.

“ಬಜೆಟ್ ಎಷ್ಟು ಸರ್?” ಕೌಂಟರಿನ ಯುವಕ ಕೇಳುತ್ತಾನೆ.

“ಮೂವತ್ತರೊಳಗೆ ಆಗ್ಬೇಕು ಕಣಪ್ಪ. ಅದರ ಮೇಲೆ ಒಂದು ರೂಪಾಯಿನೂ ಇಲ್ಲ.”

ಮಗ ಆಗಲೇ ಫೋನ್ ತೆರೆದು ಒಂದು ಹೆಸರು ತೋರಿಸುತ್ತಿದ್ದಾನೆ: ಎನ್‌ವಿಡಿಯಾದ ಆರ್‌ಟಿಎಕ್ಸ್ 5060. 2025ರ ಮೇ ತಿಂಗಳಲ್ಲಿ ಬಂದ ಕಾರ್ಡು, 8 ಜಿಬಿ ಮೆಮೊರಿ. ಮಾರುವವನಿಗೆ ಅದನ್ನು ಕಪಾಟಿನಿಂದ ಇಳಿಸಿ ಬಿಲ್ ಹಾಕುವುದು ಎರಡು ನಿಮಿಷದ ಕೆಲಸ. ಈ ಯುವಕ ಹಾಗೆ ಮಾಡುವುದಿಲ್ಲ. ಹಳೇ ಬಿಲ್ಲಿನ ಹಿಂಬದಿ ತಿರುಗಿಸಿ, ಪೆನ್ನು ತೆಗೆದು, ಒಂದೊಂದೇ ಕೇಳುತ್ತಾನೆ. “ಮಾನಿಟರ್ ಯಾವುದು? ಪ್ರೊಸೆಸರ್, ಬೋರ್ಡು? ಎಸ್‌ಎಂಪಿಎಸ್ ಎಷ್ಟು ವಾಟ್ದು, ಯಾವ ಕಂಪನಿದು?”

ಮಗ ಉತ್ತರಿಸುತ್ತಾನೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಸೀನಿಯರ್ ಒಬ್ಬನಿಂದ ಕೊಂಡ ಹಳೆಯ ಪಿಸಿ: ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡು. ಪಿಸಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದೆ, ಕಂಪನಿಯ ಹೆಸರು ನೆನಪಿಲ್ಲ.

ಇಲ್ಲಿಂದ ಲೆಕ್ಕ ಶುರುವಾಗುತ್ತದೆ. ಗ್ರಾಫಿಕ್ಸ್ ಕಾರ್ಡು ಕೊಳ್ಳುವವರು ಕಲಿಯಬೇಕಾದ ಮೊದಲ ಪಾಠವೂ ಇದೇ: ಆಯ್ಕೆ ಮನೆಯಲ್ಲಿರುವ ಪಿಸಿಯಿಂದ ಹೊರಡಬೇಕು, ಅಂಗಡಿಯ ಕಪಾಟಿನಿಂದಲ್ಲ.

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20,73,600. ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡಬೇಕಾದರೆ ಕಾರ್ಡು ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣ ನಿರ್ಧರಿಸಬೇಕು. 1440ಪಿ ಪರದೆಯಲ್ಲಿ ಚುಕ್ಕೆಗಳು 36,86,400. 4ಕೆ ಪರದೆಯಲ್ಲಿ 82,94,400, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಹೀಗಾಗಿ ಪರದೆ ಯಾವುದೆಂದು ತಿಳಿಯದೆ ಕಾರ್ಡು ಹೇಳಲು ಬರುವುದಿಲ್ಲ. ಫುಲ್ ಎಚ್‌ಡಿ ಸಾಕೆನ್ನುವವರಿಗೆ ನಡುವಿನ ಸಾಲು ಧಾರಾಳವಾಗಿ ಸಾಲುತ್ತದೆ.

“ಮೆಮೊರಿ ಅಂದ್ರೆ ಏನಪ್ಪ ಅದು? ಎಂಟು, ಹನ್ನೆರಡು, ಹದಿನಾರು ಅಂತ ಬರ್ದವ್ರಲ್ಲ,” ಅಪ್ಪ ಕೇಳುತ್ತಾರೆ.

“ಯಜಮಾನ್ರೇ, ಕಾಯಿ ಸುಲಿಯೋ ಅಂಗಳ ಅಂದ್ಕೊಳ್ಳಿ. ಅಂಗಳ ದೊಡ್ಡದಿದ್ರೆ ಕಾಯೆಲ್ಲ ಕೈಗೆಟಕೋ ಹಾಗೆ ರಾಶಿ ಹಾಕ್ಬೋದು. ಚಿಕ್ಕದಾದ್ರೆ ಆಳು ನಾಲ್ಕು ಕಾಯಿಗೊಂದ್ಸಲ ತೋಟಕ್ಕೆ ಓಡ್ಬೇಕು. ಆಳು ಎಷ್ಟೇ ಗಟ್ಟಿಗನಾದ್ರೂ ಕೆಲಸ ನಿಂತ್ಕೊಳ್ಳುತ್ತೆ.”

ಅಪ್ಪ ತಲೆದೂಗುತ್ತಾರೆ. ಮಗನಿಗೆ ಅಂಕಿಗಳಲ್ಲಿ ಹೇಳಬೇಕು. ಎನ್‌ವಿಡಿಯಾದ್ದೇ ಆದ ಹಳೆಯ ಆರ್‌ಟಿಎಕ್ಸ್ 3060 ಕಾರ್ಡಿನ 12 ಜಿಬಿ ಮಾದರಿಯಲ್ಲಿ ಚಿಪ್ಪಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ 360 ಜಿಬಿ ಓಡಾಡುತ್ತದೆ. ಮೆಮೊರಿ ತುಂಬಿ ಹೋದರೆ ಉಳಿದದ್ದನ್ನು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಹಾದಿಯಲ್ಲಿ ರ‍್ಯಾಮಿನಿಂದ ತರಿಸಿಕೊಳ್ಳಬೇಕು. ಬಿ450 ಬೋರ್ಡಿನಲ್ಲಿರುವುದು ಆ ಹಾದಿಯ ಮೂರನೇ ಪೀಳಿಗೆ. ಅದರ ಹದಿನಾರೂ ಲೇನುಗಳು ಸೇರಿದರೂ ಸಿಗುವುದು ಸೆಕೆಂಡಿಗೆ ಸುಮಾರು 16 ಜಿಬಿ. ಆಟ ಚೆನ್ನಾಗಿ ಓಡುತ್ತಿದ್ದಾಗಲೇ ಇದ್ದಕ್ಕಿದ್ದಂತೆ ತಡವರಿಸಿ ನಿಲ್ಲುವುದಕ್ಕೆ, ಗೇಮರ್‌ಗಳು ‘ಸ್ಟಟರ್ ಆಯ್ತು’ ಎಂದು ಗೊಣಗುವುದಕ್ಕೆ, ಹಲವು ಬಾರಿ ಇದೇ ಕಾರಣ.

ಆರ್‌ಟಿಎಕ್ಸ್ 5060ರ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಅದು ಬಳಸುವುದು ಎಂಟೇ ಲೇನುಗಳನ್ನು. ಹೊಸ ಬೋರ್ಡಿನಲ್ಲಿ ಅದೇನೂ ಕೊರತೆಯಲ್ಲ. ಹುಡುಗನ ಹಳೆಯ ಬೋರ್ಡಿನಲ್ಲಿ ಮಾತ್ರ 16 ಜಿಬಿಯ ಹಾದಿ 8ಕ್ಕೆ ಇಳಿಯುತ್ತದೆ. ಮೆಮೊರಿಯೂ ಚಿಕ್ಕದು, ಹಾದಿಯೂ ಕಿರಿದು. 2021ರ ಫೆಬ್ರುವರಿಯಲ್ಲಿ ಬಂದ 3060 ಹದಿನಾರು ಲೇನುಗಳನ್ನೂ ಬಳಸುತ್ತದೆ, ಮೆಮೊರಿ 12 ಜಿಬಿ. ಎ.ಐ. ಮಾದರಿಗಳನ್ನು ತರಬೇತುಗೊಳಿಸುವಾಗ ಮೆಮೊರಿ ಸಾಲದಿದ್ದರೆ ಪ್ರೋಗ್ರಾಂ ನಿಧಾನವಾಗುವುದಷ್ಟೇ ಅಲ್ಲ, ದೋಷ ತೋರಿಸಿ ನಿಂತೇ ಬಿಡುವುದುಂಟು. ಪಾಠದ ಉದಾಹರಣೆಗಳಲ್ಲಿ ಹೆಚ್ಚಿನವು ಎನ್‌ವಿಡಿಯಾದ ಕುಡಾ ವ್ಯವಸ್ಥೆಗೇ ಬರೆದಂಥವು. ಆಟದ ವೇಗದಲ್ಲಿ 5060 ಮುಂದಿದೆ, ನಿಜ. ಈ ಹುಡುಗನ ಪಿಸಿಗೂ ಓದಿಗೂ ಒಗ್ಗುವುದು ಹಳೆಯದೇ.

“ಅದು ಹಳೇದು ಅಲ್ವಾ ಅಣ್ಣ?” ಮಗನ ದನಿಯಲ್ಲಿ ಬೇಸರ.

“ನಿನ್ ಬೋರ್ಡು ಅದಕ್ಕಿಂತ ಹಳೇದು ಕಣೋ,” ಎನ್ನುತ್ತ ಯುವಕ ಕಾಗದದ ಮೇಲೆ ಇನ್ನೊಂದು ಸಾಲು ಬರೆಯುತ್ತಾನೆ: ಎಸ್‌ಎಂಪಿಎಸ್.

ಬಜೆಟ್ ಲೆಕ್ಕದಲ್ಲಿ ಎಲ್ಲರೂ ಮರೆಯುವ ಸಾಲು ಇದು. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವಾಟ್. ಎಂಟು ಪಿನ್ನಿನ ಕೇಬಲ್ಲು ಇನ್ನೂ 150 ವಾಟ್ ಕೊಡಬಲ್ಲದು. 3060 ಕೇಳುವುದು 170 ವಾಟ್. ಅದಕ್ಕೆ 550 ವಾಟಿನ ಎಸ್‌ಎಂಪಿಎಸ್ ಇರಲಿ ಎಂದು ತಯಾರಕರ ಸೂಚನೆ. ಹೆಸರಿಲ್ಲದ ಕಂಪನಿಗಳ ಎಸ್‌ಎಂಪಿಎಸ್‌ಗಳ ಮೇಲೆ ಬರೆದಿರುವ ವಾಟನ್ನು ನಂಬುವಂತಿಲ್ಲ. ಭಾರ ಹೆಚ್ಚಾದಾಗ ಪಿಸಿ ತಟ್ಟನೆ ಆಫ್ ಆಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಕೆಡುತ್ತದೆ, ಕಳಪೆಯದು ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೆಡಿಸಬಹುದು. ನಮ್ಮ ಊರುಗಳಲ್ಲಿ ಕರೆಂಟು ಹೋಗಿ ಬರುವ ರೀತಿ ನೋಡಿದರೆ ಈ ಖರ್ಚನ್ನು ಉಳಿಸುವುದು ತರವಲ್ಲ. ಹೀಗಾಗಿ ಮೂವತ್ತು ಸಾವಿರವೆಂದರೆ ಕಾರ್ಡಿಗೇ ಮೂವತ್ತು ಸಾವಿರವಲ್ಲ, ಸುಮಾರು ಇಪ್ಪತ್ತಾರು ಸಾವಿರ. ಉಳಿದದ್ದು ‘80 ಪ್ಲಸ್’ ಪ್ರಮಾಣಪತ್ರವಿರುವ ಎಸ್‌ಎಂಪಿಎಸ್‌ಗೆ.

ಅಷ್ಟರಲ್ಲಿ ಇನ್ನೊಬ್ಬರು ಮೆಟ್ಟಿಲು ಹತ್ತಿ ಬರುತ್ತಾರೆ. ಮಂಡ್ಯದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಹೆಣ್ಣುಮಗಳು. ಭುಜದ ಚೀಲದಲ್ಲಿ ಹಾರ್ಡ್‌ಡಿಸ್ಕ್, ಕೈಯಲ್ಲಿ ಫೋನು. ಧಾರೆಯ ವಿಡಿಯೊ ಇನ್ನೂ ಕೊಟ್ಟಿಲ್ಲವೆಂದು ಹೆಣ್ಣಿನ ಕಡೆಯವರು ಎರಡು ಸಲ ಕರೆ ಮಾಡಿದ್ದಾರಂತೆ. ಆಕೆಯದೂ ಅಷ್ಟೇ ಹಣ, ಮೂವತ್ತು ಸಾವಿರ. ಪಿಸಿ ಹೊಸದು. ಕ್ಯಾಮೆರಾದಿಂದ ಬರುವುದು ಎಚ್‌ಇವಿಸಿ ರೂಪದ 4ಕೆ ವಿಡಿಯೊ, ಅದೂ 10 ಬಿಟ್, 4:2:2 ಬಗೆಯದು. ಟೈಮ್‌ಲೈನ್ ಮೇಲೆ ಬೆರಳಿಟ್ಟು ಎಳೆದರೆ ಚಿತ್ರ ಹೆಜ್ಜೆಗೊಮ್ಮೆ ನಿಲ್ಲುತ್ತದೆ.

ಯುವಕ ಅವರಿಗೆ ಬೇರೆ ಪೆಟ್ಟಿಗೆ ಇಳಿಸುತ್ತಾನೆ: ಇಂಟೆಲ್‌ನ ಆರ್ಕ್ ಬಿ580. 2024ರ ಡಿಸೆಂಬರಿನಲ್ಲಿ ಬಂದದ್ದು, 12 ಜಿಬಿ ಮೆಮೊರಿ. ಆ ಬಗೆಯ ಎಚ್‌ಇವಿಸಿ ವಿಡಿಯೊವನ್ನು ಬಿಡಿಸಿ ಓದುವ ಯಂತ್ರಾಂಗ ಅದರ ಚಿಪ್ಪಿನಲ್ಲೇ ಇದೆ. ಆರ್‌ಟಿಎಕ್ಸ್ 4060ರಲ್ಲೂ ಅದಕ್ಕಿಂತ ಹಿಂದಿನ 3060ರಲ್ಲೂ ಆ ಅನುಕೂಲವಿಲ್ಲ. ಇದೇ ಬಿ580 ತಿಪಟೂರಿನ ಹುಡುಗನಿಗೆ ಸರಿಹೋಗದು. ಪ್ರೊಸೆಸರು ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ಮುಟ್ಟಲು ಅವಕಾಶ ಕೊಡುವ ‘ರೀಸೈಜಬಲ್ ಬಾರ್’ ಸೌಲಭ್ಯ ಬೋರ್ಡಿನಲ್ಲಿ ಚಾಲೂ ಇರದಿದ್ದರೆ ಆರ್ಕ್ ಕಾರ್ಡುಗಳು ಮಂಕಾಗುತ್ತವೆ. ಹಳೆಯ ಪ್ರೊಸೆಸರಿನ ಜೊತೆ ಅನೇಕ ಆಟಗಳಲ್ಲಿ ಬಿ580 ತನ್ನ ಪೂರ್ತಿ ವೇಗ ತೋರಿಸುವುದಿಲ್ಲ. ಒಂದೇ ಕೌಂಟರು, ಒಂದೇ ಮೊತ್ತ, ಉತ್ತರ ಮಾತ್ರ ಎರಡು.

ಮೂರನೆಯವನು ವ್ಯಾಲೊರಂಟ್ ಆಡುವ ಹುಡುಗ. ಅವನ ಆಟಕ್ಕೆ ಕಾರ್ಡಿಗಿಂತ ಪ್ರೊಸೆಸರಿನ ಮೇಲೇ ಭಾರ ಹೆಚ್ಚು. ಪಿಸಿಯಲ್ಲಿ ಒಂದೇ ರ‍್ಯಾಮ್ ಕಡ್ಡಿ ಇದೆಯೆಂದು ತಿಳಿದ ಯುವಕ, ಅದರ ಜೋಡಿ ಕಡ್ಡಿಯನ್ನು ಹಾಕಿಸಿ ನೋಡೆಂದು ಹೇಳಿ ಕಳಿಸುತ್ತಾನೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿನ ಓಣಿಯಲ್ಲಿ ರಿಪೇರಿ ಮೇಜುಗಳ ಮುಂದೆ ಜನ ಸೇರುತ್ತಾರೆ. ಸುಟ್ಟ ಫ್ಲಕ್ಸಿನ ವಾಸನೆ, ಬಿಸಿಗಾಳಿ ಗನ್ನಿನ ಸಿಳ್ಳು, ಭೂತಗನ್ನಡಿಯ ಕೆಳಗೆ ಬಿಚ್ಚಿಟ್ಟ ಹಸಿರು-ಕಪ್ಪು ಬೋರ್ಡುಗಳು. ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಕೈ ಬದಲಾಯಿಸುವುದೂ ಇಂಥ ಕಡೆಯೇ. 2021ರ ದಿನಗಳನ್ನು ಇಲ್ಲಿಯವರು ಮರೆತಿಲ್ಲ. ಈಥರ್ ಎಂಬ ಕ್ರಿಪ್ಟೊ ನಾಣ್ಯವನ್ನು ‘ಗಣಿಗಾರಿಕೆ’ಯಿಂದ ಗಳಿಸಲು ಜನ ಕಾರ್ಡುಗಳನ್ನು ಹತ್ತಿಪ್ಪತ್ತರ ಲೆಕ್ಕದಲ್ಲಿ ಕೊಂಡು ಹಗಲುರಾತ್ರಿ ಓಡಿಸಿದರು. ಆಡುವವರಿಗೆ, ಓದುವವರಿಗೆ ಕಾರ್ಡು ಸಿಗದಾಯಿತು, ಬೆಲೆ ಗಗನಕ್ಕೇರಿತು. ಗಣಿಗಾರರು ಕೊಳ್ಳದಿರಲೆಂದೇ 3060ಕ್ಕೆ ಆ ಕೆಲಸದ ವೇಗ ಅರ್ಧಕ್ಕಿಳಿಸುವ ಕಟ್ಟುಪಾಡು ಹಾಕಿ ಎನ್‌ವಿಡಿಯಾ ಬಿಡುಗಡೆ ಮಾಡಿತ್ತು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ಜಾಲವಾದ ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿದಾಗ ಆ ಗಣಿಗಾರಿಕೆ ನಿಂತಿತು. ದುಡಿದು ದಣಿದ ಕಾರ್ಡುಗಳು ಹಳೆ ಮಾಲಿನ ಮಾರುಕಟ್ಟೆಗೆ ಹರಿದು ಬಂದವು.

ಅವೆಲ್ಲ ಕೆಟ್ಟವೇನಲ್ಲ, ಪರೀಕ್ಷಿಸದೆ ಕೊಳ್ಳಬಾರದು ಅಷ್ಟೇ. ಮೇಜಿನ ಮೇಲೆ ಹಾಕಿಸಿ, ಫರ್‌ಮಾರ್ಕ್‌ನಂಥ ಪರೀಕ್ಷೆಯನ್ನು ಸ್ವಲ್ಪ ಹೊತ್ತು ಓಡಿಸಬೇಕು. ಫ್ಯಾನು ಕರಕರ ಅನ್ನುತ್ತದೆಯೇ, ಪರದೆಯ ಮೇಲೆ ಬಣ್ಣದ ಚೌಕಗಳು ಮೂಡುತ್ತವೆಯೇ, ಬಿಸಿ ಎಷ್ಟಕ್ಕೆ ಏರುತ್ತದೆ ಎಂದು ನೋಡಬೇಕು. ಜಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ, ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡುಗಳು ಹಲವು ಬಾರಿ ಅಲ್ಲಿಯೇ ಸಿಕ್ಕಿಬೀಳುತ್ತವೆ.

ಅಸಲಿ ಪೆಟ್ಟಿಗೆಗಳ ಮೇಲೂ ಕಣ್ಣಿಡಬೇಕು, ಹೆಸರು ಒಂದೇ ಆದರೂ ಒಳಗಿನದು ಬೇರೆ ಇರುವುದುಂಟು. 2016ರ ಜಿಟಿಎಕ್ಸ್ 1060 ಕಾರ್ಡಿನ 6 ಜಿಬಿ ಮಾದರಿಯಲ್ಲಿ 1280 ಕೋರುಗಳಿದ್ದರೆ, 3 ಜಿಬಿ ಮಾದರಿಯಲ್ಲಿ 1152 ಮಾತ್ರ. 3060ರಲ್ಲಿಯೂ 8 ಜಿಬಿಯ ಇನ್ನೊಂದು ಮಾದರಿ ಬಂದಿದೆ. ಅದರ ಮೆಮೊರಿ ವೇಗ 360ರಿಂದ 240 ಜಿಬಿಗೆ ಇಳಿದಿದೆ. ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಒಂದೇ ಹೆಸರಿನಲ್ಲಿ ಸಿಗುತ್ತವೆ. ಆರ್‌ಎಕ್ಸ್ 580 ಹೆಸರಿನ ಪಕ್ಕ ‘2048 ಎಸ್‌ಪಿ’ ಎಂದಿದ್ದರೆ, ಕೋರುಗಳ ಲೆಕ್ಕದಲ್ಲಿ ಅದು ಒಂದು ಮೆಟ್ಟಿಲು ಕೆಳಗಿನ 570. ಪೆಟ್ಟಿಗೆಯ ದೊಡ್ಡ ಅಕ್ಷರಗಳನ್ನು ಎಲ್ಲರೂ ಓದುತ್ತಾರೆ, ಹಣ ಉಳಿಸುವುದು ಸಣ್ಣ ಅಕ್ಷರ ಓದಿದವರು.

ಈ ಪೆಟ್ಟಿಗೆಗಳು ನಡೆದು ಬಂದ ದಾರಿಯೂ ಉದ್ದ. 3060ರ ಚಿಪ್ಪು ಸ್ಯಾಮ್‌ಸಂಗ್‌ನದು, 5060 ಮತ್ತು ಬಿ580ರ ಚಿಪ್ಪುಗಳು ತೈವಾನಿನ ಟಿಎಸ್‌ಎಂಸಿಯವು. ವಿನ್ಯಾಸದ ಕೆಲಸದಲ್ಲಿ ಮಾತ್ರ ಈ ಊರಿಗೂ ಪಾಲಿದೆ. ಎನ್‌ವಿಡಿಯಾ, ಇಂಟೆಲ್, ಎಎಂಡಿ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಎಎಂಡಿ ತನ್ನ ಜಗತ್ತಿನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಇಲ್ಲಿಯೇ. ಎಸ್.ಪಿ. ರಸ್ತೆಯ ಕೌಂಟರಿನಲ್ಲಿ ಇಂದು ಕಾರ್ಡು ಕೊಳ್ಳುವ ಹುಡುಗ ನಾಳೆ ಅಲ್ಲಿ ಕೂತು ಚಿಪ್ಪಿನ ವಿನ್ಯಾಸ ಮಾಡಬಲ್ಲ. ಮನೆಯವರು ಕಷ್ಟಪಟ್ಟು ಹೊಂದಿಸುವ ಈ ಹಣ ಆಟಿಕೆಗೆ ಸುರಿದ ದುಡ್ಡಲ್ಲ ಎಂದು ನಾನು ನಂಬುವುದು ಅದಕ್ಕೇ.

ಸಂಜೆಗೆ ಮೊದಲೇ ಅಪ್ಪ-ಮಗನ ವ್ಯವಹಾರ ಮುಗಿಯುತ್ತದೆ. ಕ್ಯಾಬಿನೆಟ್ಟಿನ ಒಳಗಿನ ಉದ್ದವನ್ನು ಮನೆಯಲ್ಲಿರುವ ಅಮ್ಮ ಟೇಪು ಹಿಡಿದು ಅಳೆದು ಫೋನಿನಲ್ಲಿ ಹೇಳಿದ್ದಾರೆ; ಎರಡು ಫ್ಯಾನಿನ ಕಾರ್ಡು ಸಲೀಸಾಗಿ ಕೂರುತ್ತದೆ. “ಬಿಲ್ ಇಲ್ದೆ ಕೊಟ್ರೆ ಎಷ್ಟು ಕಮ್ಮಿ ಆಗುತ್ತೆ?” ಎಂದು ಅಪ್ಪ ಕೊನೆಗೊಮ್ಮೆ ಕೇಳುತ್ತಾರೆ. ಶೇ 18ರ ಜಿಎಸ್‌ಟಿ ಎಂದರೆ ಮೂವತ್ತು ಸಾವಿರದಲ್ಲಿ 4,576 ರೂಪಾಯಿ ತೆರಿಗೆಯೇ. ಆಸೆ ಹುಟ್ಟುವುದು ಸಹಜ. ಯುವಕ ತಲೆಯಾಡಿಸುತ್ತಾನೆ. “ಬೇಡ ಯಜಮಾನ್ರೇ. ಮೂರು ವರ್ಷ ವಾರಂಟಿ ಇದೆ. ನಾಳೆ ಕೆಟ್ರೆ ಸರ್ವಿಸ್ ಸೆಂಟರ್‌ನಲ್ಲಿ ಮೊದ್ಲು ಕೇಳೋದೇ ಬಿಲ್ಲು.” ಅಪ್ಪ ಬಿಲ್ಲನ್ನು ಎರಡು ಮಡಿಕೆ ಮಾಡಿ ಜೇಬಿಗಿಡುತ್ತಾರೆ. ಪೆಟ್ಟಿಗೆ ಮಗನ ಕೈಯಲ್ಲಿದೆ.

ಈ ದಿನಗಳಲ್ಲಿ ಕಾರ್ಡು ಕೊಳ್ಳಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಪಿಸಿಯ ಬಾಗಿಲು ತೆರೆದು ನೋಡಿ. ಪರದೆಯ ಅಳತೆ, ಬೋರ್ಡಿನ ಹೆಸರು, ಎಸ್‌ಎಂಪಿಎಸ್‌ನ ವಾಟು, ಕ್ಯಾಬಿನೆಟ್ಟಿನ ಉದ್ದ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಕೆಲಸಕ್ಕೆ, ಯಾವ ಆಟಕ್ಕೆ ಎಂಬುದನ್ನೂ ಬರೆಯಿರಿ. ಎಸ್‌ಎಂಪಿಎಸ್ ಬದಲಿಸಬೇಕಾದರೆ ಆ ಹಣವನ್ನು ಮೊದಲೇ ತೆಗೆದಿಡಿ. ಬೆಲೆ ವಾರವಾರಕ್ಕೂ ಏರಿಳಿಯುತ್ತದೆ, ನಾಲ್ಕು ಅಂಗಡಿ ವಿಚಾರಿಸಿ. ಪಕ್ಕಾ ಬಿಲ್ ಪಡೆಯದೆ ಮೆಟ್ಟಿಲಿಳಿಯಬೇಡಿ. ಹೊಸದೆಂಬ ಕಾರಣಕ್ಕೆ, ಗೆಳೆಯನ ಹತ್ತಿರವಿದೆಯೆಂಬ ಕಾರಣಕ್ಕೆ ಯಾವ ಕಾರ್ಡೂ ನಿಮಗೆ ಒಳ್ಳೆಯದಾಗುವುದಿಲ್ಲ. ನಿಮ್ಮ ಪಿಸಿಗೆ ಹೊಂದಿ, ನಿಮ್ಮ ಕೆಲಸ ಮಾಡಿಕೊಟ್ಟು, ಮನೆಗೆ ಸಾಲದ ಹೊರೆ ತಾರದ ಕಾರ್ಡೇ ಒಳ್ಳೆಯ ಕಾರ್ಡು.