ಟಾಂಟಾಂ: ಸುದ್ದಿ ಯಾರದು, ಕೈ ಯಾರದು?

ಗ್ರಾಮಸಭೆ ಹತ್ತಿರ ಬಂದರೆ ಪಂಚಾಯಿತಿಯಲ್ಲಿ ‘ಟಾಂಟಾಂ ಹೊಡೆಸ್ರಿ’ ಎಂಬ ಮಾತು ಬರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಉಪವಿಭಾಗದ ಹಳ್ಳಿಗಳಲ್ಲಿ ಹಾಗೆಂದರೆ ತಮಟೆ ಬಾರಿಸುತ್ತ ಬೀದಿ ಬೀದಿ ಸಾರುವುದು. ಬೆಂಕಿಗೆ ಹಿಡಿದು ಕಾಯಿಸಿದ ಅದೇ ತಮಟೆ ಜಾತ್ರೆಗೊಂದು, ಮದುವೆಗೊಂದು, ಸಾವಿಗೊಂದು ಬಡಿತದಲ್ಲಿ ನುಡಿಯುತ್ತದೆ. ಮನೆಯೊಳಗಿದ್ದವರಿಗೂ ಬಡಿತದಲ್ಲೇ ಅರ್ಧ ಸುದ್ದಿ ಮುಟ್ಟಿರುತ್ತದೆ.

ಟಾಂಟಾಂ ಎಂಬುದು ನಮ್ಮ ನೆಲದ ವಾದ್ಯದ ಸದ್ದು. 17ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಬರಹಗಳಿಗೆ ಸೇರಿತು. 1886ರಲ್ಲಿ ಪ್ರಕಟವಾದ, ಭಾರತದ ಇಂಗ್ಲಿಷ್ ಪದಗಳನ್ನು ಕಲೆಹಾಕಿದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಜಾಝ್ ತಂಡಗಳ ಡ್ರಮ್ ಸೆಟ್‌ನಲ್ಲಿ ಅದು ‘ಟಾಮ್’ ಆಯಿತು. ಡಚ್ ಕಂಪನಿಯೊಂದು ದಾರಿ ತೋರಿಸುವ ಯಂತ್ರಗಳಿಗೆ ಇಟ್ಟುಕೊಂಡ ಹೆಸರು ಟಾಮ್‌ಟಾಮ್. ಉತ್ತರ ಕರ್ನಾಟಕದಲ್ಲಿ ಟಂಟಂ ಎಂದರೆ ಜನ ತುಂಬಿ ಓಡುವ ಮೂರು ಚಕ್ರದ ಗಾಡಿ. ಭಾರತದ ಇಂಗ್ಲಿಷಿನಲ್ಲಿ ತನ್ನ ದೊಡ್ಡಸ್ತಿಕೆಯನ್ನು ತಾನೇ ಸಾರಿಕೊಳ್ಳುವುದೂ ಟಾಂಟಾಂ.

ಈ ಕೊನೆಯ ಅರ್ಥ ತಮಟೆಯವನಿಗೆ ಮಾಡಿದ ಅನ್ಯಾಯ. ಅವನು ಸಾರಿದ್ದರಲ್ಲಿ ತನ್ನದೆಂಬುದು ಏನಿತ್ತು? ದೇವರ ಜಾತ್ರೆ, ಸರ್ಕಾರದ ಆಜ್ಞೆ, ಊರ ಗೌಡರ ತೀರ್ಮಾನ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಸ್ಥಿರಾಸ್ತಿಯ ಜಪ್ತಿ ಆದೇಶವನ್ನು ತಮಟೆ ಬಾರಿಸಿ, ಇಲ್ಲವೇ ವಾಡಿಕೆಯ ಬೇರೆ ರೀತಿಯಲ್ಲಿ ಸಾರಬೇಕೆಂದಿತು. ಸಾಲಗಾರನ ಮಾನ ಹರಾಜಾದಾಗಲೂ ಕೋಲು ಹಿಡಿದದ್ದು ಕೂಲಿಯವನ ಕೈಯೇ. ಸಾರುವ ಕೆಲಸ ಬಹಳ ಕಡೆ ದಲಿತ ಕೇರಿಯ ತೋಟಿಯ ಪಾಲಿಗೆ ವಂಶದ ಚಾಕರಿಯಾಗಿತ್ತು. ಊರಿಗೆಲ್ಲ ಕೇಳುವ ಸದ್ದು ಹೊರಡಿಸಿದವನು ಊರ ಹೊರಗೇ ಉಳಿದ.

ರಾಜ್ಯದಲ್ಲಿ ಇಂಥ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ರೂಢಿ ಮಾತ್ರ ಕಾಯ್ದೆಯಷ್ಟು ಬೇಗ ಹೋಗಲಿಲ್ಲ. ಆ ರೂಢಿಯ ಹೆಸರನ್ನೇ ಹೋರಾಟದ ಹೆಸರಾಗಿಸಿದ್ದು ನೆರೆಯ ಆಂಧ್ರ; ನಮ್ಮ ಪಾವಗಡಕ್ಕೆ ಮೂರು ಕಡೆಯಿಂದ ಅದರದೇ ಗಡಿ. ತೆಲುಗಿನಲ್ಲಿ ಡಂಗುರಕ್ಕೆ ‘ದಂಡೋರಾ’ ಎನ್ನುತ್ತಾರೆ. 1994ರಲ್ಲಿ ಆಂಧ್ರದಲ್ಲಿ ಹುಟ್ಟಿದ ಮಾದಿಗ ಮೀಸಲಾತಿ ಹೋರಾಟ ಸಮಿತಿಯ ಚಳವಳಿ ಇದೇ ಹೆಸರಿನಿಂದ ಪ್ರಸಿದ್ಧವಾಯಿತು. ತಲೆಮಾರುಗಳಿಂದ ಬೇರೆಯವರ ಸುದ್ದಿ ಸಾರಿದ್ದ ಸಮುದಾಯ ತನ್ನ ಪಾಲನ್ನು ತಾನೇ ಸಾರಿ ಕೇಳಿತು. ಆ ಚಳವಳಿ ಕೇಳಿದ್ದ, ಪರಿಶಿಷ್ಟ ಜಾತಿಗಳ ನಡುವಿನ ಒಳಮೀಸಲಾತಿಯನ್ನು ನೀಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿತು.

ಅದಕ್ಕೂ ಮೊದಲೇ, 2023ರಲ್ಲಿ, ಕರ್ನಾಟಕದ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಸಂದಿತು. ದೆಹಲಿ ಕಲೆಯೆಂದು ಒಪ್ಪಿದ್ದನ್ನು ನಮ್ಮ ಪಂಚಾಯಿತಿಗಳು ಇನ್ನೂ ಬಿಟ್ಟಿ ಚಾಕರಿಯೆಂದು ಎಣಿಸಬಾರದು. ಟಾಂಟಾಂ ಬೇಕೆಂದರೆ ಜಾತಿ ನೋಡಿ ಕರೆ ಕಳಿಸುವುದನ್ನು ಬಿಡಲಿ, ಒಪ್ಪಿದವರನ್ನು ಕರೆಯಲಿ, ಕಲೆಗೆ ತಕ್ಕ ಸಂಭಾವನೆ ಕೊಡಲಿ. ಗ್ರಾಮಸಭೆಗೆ ಊರನ್ನು ಕರೆದವರಿಗೆ ಆ ಸಭೆಯ ಮುಂದಿನ ಸಾಲಿನಲ್ಲಿ ಕೂರುವ, ಕೇಳುವ, ಪ್ರಶ್ನಿಸುವ ಹಕ್ಕಿದೆ.