ಹೊಲದಲ್ಲಿ ಕುರಿ ನಿಲ್ಲಿಸಲು ನ್ಯಾಯವಾದ ದರ ಯಾವುದು?

ಹಿಂಗಾರಿ ಜೋಳದ ಕೊಯ್ಲು ಮುಗಿದು ಹೊಲಗಳು ಬರಿದಾಗುವ ಹೊತ್ತಿಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ದಾರಿಗಳಲ್ಲಿ ಕುರಿ ಹಿಂಡುಗಳು ಕಾಣಿಸಿಕೊಳ್ಳುತ್ತವೆ. ಕುರಿಗಾರನಿಗೆ ಮೇವು ಬೇಕು, ರಾತ್ರಿ ತಂಗಲು ಜಾಗ ಬೇಕು. ರೈತನಿಗೆ ಗೊಬ್ಬರ ಬೇಕು. ಇಬ್ಬರ ಅಗತ್ಯವೂ ಒಂದೇ ಹೊಲದಲ್ಲಿ ಪೂರೈಸುತ್ತದೆ. ಆದರೂ ದರದ ಮಾತು ಬಂದಾಗ ಜಗ್ಗಾಟ ತಪ್ಪುವುದಿಲ್ಲ. ಕಳೆದ ವರ್ಷ ಪಕ್ಕದ ಹೊಲದವನು ಏನು ಕೊಟ್ಟನೋ ಅದೇ ಈ ವರ್ಷದ ದರವಾಗುತ್ತದೆ. ಆ ದರ ಸರಿಯೋ ತಪ್ಪೋ ಎಂದು ಲೆಕ್ಕ ಹಾಕಿ ನೋಡುವವರು ಕಡಿಮೆ. ಆ ಲೆಕ್ಕವನ್ನು ರೈತನೇ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈಗ ಈ ಮಾತು ಏಕೆ?

ಕೃಷ್ಣಾ ನದಿಯ ದಂಡೆಯ ಮೇಲೆ, ಮಹಾರಾಷ್ಟ್ರದ ಖಿದ್ರಾಪುರಕ್ಕೆ ಎದುರಾಗಿರುವ ಜುಗೂಳವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಂಥ ಊರುಗಳಲ್ಲಿ ಕಬ್ಬು ಮುಖ್ಯ ಬೆಳೆ. ಕಪ್ಪು ಮಣ್ಣು, ಕೈಗೆಟುಕುವ ನೀರು, ವರ್ಷವಿಡೀ ನಿಂತ ಬೆಳೆ. ಆದರೆ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಬರಿದಾಗಿವೆ, ತಿಪ್ಪೆಗಳು ಕರಗಿವೆ. ಭೂಮಿಗೆ ಬೀಳುವುದು ಹೆಚ್ಚಾಗಿ ಚೀಲದ ಗೊಬ್ಬರವೇ. ಸಾಲದೆಂಬಂತೆ 2005, 2019 ಮತ್ತು 2021ರ ಮಹಾಪೂರಗಳು ನದಿ ದಂಡೆಯ ಹೊಲಗಳ ಮೇಲೆ ಹರಿದು ಹೋದವು.

ಸಾವಯವ ಗೊಬ್ಬರವನ್ನು ಗಾಡಿ ಬಾಡಿಗೆಯಿಲ್ಲದೆ ಹೊಲಕ್ಕೆ ಮುಟ್ಟಿಸುವ ಮಾರ್ಗ ಒಂದೇ, ಅದು ಕುರಿ ಹಿಂಡು. ಆದರೆ ಕಬ್ಬು ಹಬ್ಬಿದಷ್ಟೂ ಕುರಿಗೆ ಬರಿ ಹೊಲ ಸಿಗುವುದು ಕಡಿಮೆಯಾಗುತ್ತದೆ. ದರವೂ ಗಿಟ್ಟದಿದ್ದರೆ ಕುರಿಗಾರ ಮುಂದಿನ ವರ್ಷ ಬೇರೆ ಸೀಮೆಯ ದಾರಿ ಹಿಡಿಯುತ್ತಾನೆ. ಒಮ್ಮೆ ತಪ್ಪಿದ ಹಿಂಡು ಮತ್ತೆ ಬರುವುದು ಕಷ್ಟ.

ಕುರಿ ಗೊಬ್ಬರದಲ್ಲಿ ಏನಿದೆ?

ಒಣಗಿದ ಕುರಿ ಹಿಕ್ಕೆಯಲ್ಲಿ ಸರಾಸರಿ ಶೇಕಡಾ 3 ಸಾರಜನಕ, 1 ರಂಜಕ ಮತ್ತು 2 ಪೊಟ್ಯಾಶ್ ಇರುತ್ತವೆ. ನಮ್ಮ ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ 0.5, ರಂಜಕ 0.2 ಮತ್ತು ಪೊಟ್ಯಾಶ್ 0.5ರಷ್ಟು ಮಾತ್ರ. ಇದಲ್ಲದೆ ಹೊಲದಲ್ಲಿ ತಂಗಿದ ಕುರಿಯ ಮೂತ್ರವೂ ನೇರವಾಗಿ ಮಣ್ಣಿಗೆ ಸೇರುತ್ತದೆ. ಕೊಟ್ಟಿಗೆಯಲ್ಲಿ ಇದರ ಬಹುಪಾಲು ಹರಿದು ಹಾಳಾಗುತ್ತದೆ.

ದಖನಿ ತಳಿಯ ಒಂದು ದೊಡ್ಡ ಕುರಿ ಸಂಜೆಯಿಂದ ಬೆಳಗಿನವರೆಗೆ ಹಾಕುವ ಹಿಕ್ಕೆ, ಒಣಗಿಸಿ ತೂಗಿದಾಗ, ಸುಮಾರು 200 ಗ್ರಾಂ ಎಂದು ಹಿಡಿಯಬಹುದು. ಮೇವು ಚೆನ್ನಾಗಿದ್ದರೆ ಹೆಚ್ಚು, ಬೇಸಿಗೆಯ ಕೊನೆಗೆ ಕಡಿಮೆ. ಇದನ್ನು ನೀವೇ ಪರೀಕ್ಷಿಸಬಹುದು. ಹತ್ತು ಕುರಿಗಳನ್ನು ಒಂದು ರಾತ್ರಿ ತಾಡಪತ್ರಿಯ ಮೇಲೆ ನಿಲ್ಲಿಸಿ, ಬೆಳಿಗ್ಗೆ ಹಿಕ್ಕೆ ಬಳಿದು, ಬಿಸಿಲಿನಲ್ಲಿ ಒಣಗಿಸಿ ತೂಗಿರಿ. 2 ಕಿಲೋಗ್ರಾಂ ಬಂದರೆ ಮೇಲಿನ ಅಂದಾಜು ಸರಿ. ಕಡಿಮೆ ಬಂದರೆ ಮುಂದಿನ ಲೆಕ್ಕವನ್ನು ಅಷ್ಟಕ್ಕೆ ಇಳಿಸಿಕೊಳ್ಳಿರಿ.

ಈ ಪ್ರಕಾರ 100 ಕುರಿ ಒಂದು ರಾತ್ರಿ ನಿಂತರೆ 20 ಕಿಲೋಗ್ರಾಂ ಒಣ ಹಿಕ್ಕೆ, ಅಂದರೆ 600 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 400 ಗ್ರಾಂ ಪೊಟ್ಯಾಶ್ ಹೊಲಕ್ಕೆ ದೊರೆಯುತ್ತವೆ. 200 ಕುರಿಗಳ ಹಿಂಡನ್ನು ದಿನಕ್ಕೆ 8 ಗುಂಟೆಯಂತೆ ಸರಿಸುತ್ತ ಹೋದರೆ ಐದು ರಾತ್ರಿಗೆ ಒಂದು ಎಕರೆ ಮುಗಿಯುತ್ತದೆ. ಆಗ ಎಕರೆಗೆ 6 ಕಿಲೋಗ್ರಾಂ ಸಾರಜನಕ ಬಿದ್ದಂತಾಯಿತು.

ಇದನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಕಬ್ಬಿಗೆ ಎಕರೆಗೆ ಸುಮಾರು 100 ಕಿಲೋಗ್ರಾಂ ಸಾರಜನಕದ ಶಿಫಾರಸು ಇದೆ. ಕುರಿ ನಿಲ್ಲಿಸಿದ ಮಾತ್ರಕ್ಕೆ ಚೀಲದ ಗೊಬ್ಬರ ಬಿಡುವಂತಿಲ್ಲ. ಕುರಿ ಗೊಬ್ಬರದ ದೊಡ್ಡ ಉಪಕಾರ ಮಣ್ಣಿನ ಮೈಗೆ. ಹಾಕಿದ ರಸಗೊಬ್ಬರವನ್ನು ಹಿಡಿದಿಡುವ ಶಕ್ತಿ ಅದರಿಂದ ಹೆಚ್ಚುತ್ತದೆ.

ರೈತನ ಮೇಲ್ಮಿತಿ

ಒಂದು ವಸ್ತುವಿಗೆ ಎಷ್ಟರವರೆಗೆ ಕೊಡಬಹುದು ಎಂಬುದು, ಅದು ಸಿಗದಿದ್ದರೆ ಬದಲಿಗೆ ಏನನ್ನು ಕೊಳ್ಳಬೇಕಾಗುತ್ತದೆ ಎಂಬುದರ ಮೇಲೆ ನಿಂತಿದೆ. ಇಲ್ಲಿಯೇ ಅನೇಕರು ತಪ್ಪುವುದು. "ಯೂರಿಯಾ ಚೀಲಕ್ಕೆ ಮುನ್ನೂರು ರೂಪಾಯಿಯೂ ಇಲ್ಲ, ಕುರಿ ಹಿಕ್ಕೆಗೆ ಇಷ್ಟೇಕೆ ಕೊಡಬೇಕು?" ಎಂದು ಕೇಳುವವರಿದ್ದಾರೆ. 45 ಕಿಲೋಗ್ರಾಂ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದರೆ ಒಂದು ಕಿಲೋಗ್ರಾಂ ಸಾರಜನಕ ಸುಮಾರು 13 ರೂಪಾಯಿಗೆ ಸಿಗುತ್ತದೆ, ನಿಜ. ಆದರೆ ಅದು ಸರಕಾರದ ಸಹಾಯಧನದಿಂದ ಇಳಿಸಿದ ಬೆಲೆ. ಯೂರಿಯಾದಲ್ಲಿ ರಂಜಕವಿಲ್ಲ, ಪೊಟ್ಯಾಶ್ ಇಲ್ಲ, ಸಾವಯವ ಪದಾರ್ಥವಿಲ್ಲ. ಕುರಿ ಗೊಬ್ಬರವನ್ನು ಹೋಲಿಸಬೇಕಾದದ್ದು ಕೊಟ್ಟಿಗೆ ಗೊಬ್ಬರದ ಟ್ರೇಲರ್‌ಗೆ.

ಒಂದು ಟ್ರೇಲರ್‌ನಲ್ಲಿ 2.5 ಟನ್ ಗೊಬ್ಬರ, ಅದರ ಬೆಲೆ 4,000 ರೂಪಾಯಿ, ಸಾಗಿಸಿ ಹರಡಲು 1,000 ರೂಪಾಯಿ ಎಂದು ಹಿಡಿಯೋಣ. (ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮೂರಿನ ದರವನ್ನೇ ಹಾಕಿಕೊಳ್ಳತಕ್ಕದ್ದು.) ಶೇಕಡಾ 0.5ರಂತೆ ಅದರಲ್ಲಿ 12.5 ಕಿಲೋಗ್ರಾಂ ಸಾರಜನಕ ಇರುತ್ತದೆ. 5,000 ರೂಪಾಯಿಯನ್ನು 12.5ರಿಂದ ಭಾಗಿಸಿದರೆ ಕಿಲೋಗ್ರಾಂಗೆ 400 ರೂಪಾಯಿ ಬೀಳುತ್ತದೆ. ಇದರಲ್ಲಿ ಉಳಿದ ಪೋಷಕಗಳ ಮತ್ತು ಸಾವಯವ ಪದಾರ್ಥದ ಬೆಲೆಯೂ ಸೇರಿದೆ.

100 ಕುರಿಗಳಿಂದ ಒಂದು ರಾತ್ರಿಗೆ 0.6 ಕಿಲೋಗ್ರಾಂ ಸಾರಜನಕ. 400ರಿಂದ ಗುಣಿಸಿದರೆ 240 ರೂಪಾಯಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾವಯವ ಪದಾರ್ಥ ಹೆಚ್ಚು. ಇತ್ತ ಕುರಿಯ ಮೂತ್ರವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಇವೆರಡನ್ನೂ ಒಂದಕ್ಕೊಂದು ಸರಿದೂಗಿಸಿ ಬಿಡಬಹುದು. ಅಂದರೆ ನೂರು ಕುರಿಗೆ ರಾತ್ರಿಯೊಂದಕ್ಕೆ 240 ರೂಪಾಯಿ ರೈತನ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಕೊಡುವುದಾದರೆ ಟ್ರೇಲರ್ ತರಿಸುವುದೇ ಲೇಸು.

ಕುರಿಗಾರನ ಕೆಳಮಿತಿ

ಕುರಿಗಾರ ಎಲ್ಲಿ ತಂಗಿದರೂ ರಾತ್ರಿ ಕಾವಲು ಇದ್ದೇ ಇದೆ. ಆ ಕೂಲಿಯನ್ನೆಲ್ಲ ರೈತನ ಮೇಲೆ ಹಾಕುವುದು ಸಲ್ಲದು. ಆದರೆ ನಿಮ್ಮ ಹೊಲಕ್ಕಾಗಿಯೇ ಅವನು ದಾರಿ ಬಿಟ್ಟು ಬರುತ್ತಾನೆ, ದಿನಾಲು ಬಲೆ ಕಿತ್ತು ಮುಂದಿನ ಎಂಟು ಗುಂಟೆಗೆ ಹೂಡುತ್ತಾನೆ, ಸುತ್ತಲಿನ ಕಬ್ಬಿಗೆ ಕುರಿ ನುಗ್ಗದಂತೆ ಒಬ್ಬ ಆಳನ್ನು ಹೆಚ್ಚಿಗೆ ನಿಲ್ಲಿಸುತ್ತಾನೆ. 200 ಕುರಿಗೆ ಈ ಹೆಚ್ಚಿನ ಶ್ರಮ ದಿನಕ್ಕೆ ಅರ್ಧ ಆಳಿನ ಕೂಲಿ, 200 ರೂಪಾಯಿ ಎಂದಿಟ್ಟುಕೊಂಡರೆ ನೂರು ಕುರಿಗೆ 100 ರೂಪಾಯಿ ಆಯಿತು. ಇದಕ್ಕಿಂತ ಕಡಿಮೆ ಕೊಟ್ಟರೆ ಅವನಿಗೆ ನಷ್ಟ. ದೇಹಿ ಎನ್ನುವ ಸ್ಥಿತಿಯಲ್ಲಿ ಅವನು ಒಪ್ಪಿದರೂ ಅದು ನ್ಯಾಯವಾದ ದರವಲ್ಲ.

ನಡುವಿನ ದರ

ಮೇಲ್ಮಿತಿ 240, ಕೆಳಮಿತಿ 100. ನಟ್ಟನಡುವಿನ ಅಂಕಿ 170 ರೂಪಾಯಿ. ವ್ಯವಹಾರದಿಂದ ಉಂಟಾಗುವ ಲಾಭವನ್ನು ಇಬ್ಬರೂ ಸಮನಾಗಿ ಹಂಚಿಕೊಂಡಂತೆ ಇದು. 200 ಕುರಿ ಐದು ರಾತ್ರಿ ನಿಂತರೆ ಎಕರೆಗೆ 1,700 ರೂಪಾಯಿ. ಅಷ್ಟೇ ಸಾರಜನಕವನ್ನು ಟ್ರೇಲರ್‌ನಿಂದ ಪಡೆಯಲು 2,400 ರೂಪಾಯಿ ಬೇಕಾಗುತ್ತಿತ್ತು. ರೈತನಿಗೆ 700 ರೂಪಾಯಿ ಉಳಿಯಿತು. ಕುರಿಗಾರನಿಗೂ ಖರ್ಚು ಕಳೆದು 700 ರೂಪಾಯಿ ದಕ್ಕಿತು.

ಇನ್ನು ಈ ನಡುವಿನ ದರವನ್ನು ಹೊಲದ ಸ್ಥಿತಿಗೆ ತಕ್ಕಂತೆ ಏರಿಸಬೇಕು ಇಲ್ಲವೆ ಇಳಿಸಬೇಕು.

1. ಹೊಲದಲ್ಲಿ ಮೇವಿದ್ದರೆ: ಸೋಯಾ ಅವರೆ, ಶೇಂಗಾ, ಕಡಲೆ ಕಿತ್ತ ಹೊಲದಲ್ಲಿ ಉದುರಿದ ಎಲೆ, ಕಾಯಿ, ಕಳೆ ಇದ್ದು, ಬಾವಿಯ ನೀರೂ ಸಿಗುವಂತಿದ್ದರೆ ದರ ಕೆಳಮಿತಿಯ ಕಡೆಗೆ ಇಳಿಯಬೇಕು. ಮೇವು ಬಹಳವಿದ್ದರೆ ಗೊಬ್ಬರಕ್ಕೆ ಮೇವೇ ಬೆಲೆಯಾಗಿ, ಹಣದ ಮಾತೇ ಬೇಕಾಗುವುದಿಲ್ಲ.
2. ಹೊಲ ಬರಿದಾಗಿದ್ದರೆ: ಹಳೆಯ ಕುಳೆ ಕಬ್ಬು ಕಿತ್ತು ಹೊಸ ನಾಟಿಗೆ ಅಣಿಯಾದ ಹೊಲದಲ್ಲಿ ಕುರಿಗೆ ತಿನ್ನಲು ಏನೂ ಇರುವುದಿಲ್ಲ. ಕುರಿಯನ್ನು ಹಗಲು ದೂರ ಮೇಯಿಸಿ ತರಬೇಕಾಗುತ್ತದೆ. ಆಗ ದರ ಮೇಲ್ಮಿತಿಯ ಕಡೆಗೆ ಏರುವುದು ನ್ಯಾಯ.
3. ಮರಿಗಳ ಎಣಿಕೆ: ಎರಡು ಮರಿಗಳನ್ನು ಒಂದು ಕುರಿಯೆಂದು ಎಣಿಸಿದರೆ ಜಗಳವಿಲ್ಲ.
4. ಕಾಳು, ಊಟ: ಜೋಳ ಇಲ್ಲವೆ ಊಟ ಕೊಡುವ ರೂಢಿಯಿದ್ದಲ್ಲಿ ಅದರ ಪೇಟೆ ಬೆಲೆಯನ್ನು ದರದಲ್ಲಿಯೇ ಹಿಡಿಯಬೇಕು. ಪ್ರೀತಿಯಿಂದ ಹಾಕಿದ ಒಂದು ಹೊತ್ತಿನ ರೊಟ್ಟಿಯನ್ನು ಲೆಕ್ಕಕ್ಕೆ ತರಬೇಕಾಗಿಲ್ಲ.

ಕೊಟ್ಟ ಹಣ ದಕ್ಕಬೇಕಾದರೆ

ಹಿಕ್ಕೆ ಮತ್ತು ಮೂತ್ರ ಬಿಸಿಲಿಗೆ ತೆರೆದು ಬಿದ್ದರೆ ಸಾರಜನಕವು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಆದ್ದರಿಂದ ಹಿಂಡು ಸರಿದ ಮರುದಿನವೇ ಆ ಎಂಟು ಗುಂಟೆಗೆ ಕುಂಟೆ ಹೊಡೆದು ಮೇಲ್ಮಣ್ಣಿನಲ್ಲಿ ಬೆರೆಸತಕ್ಕದ್ದು. ಐದು ದಿನ ಮುಗಿಯಲೆಂದು ಕಾಯುವುದು ಹಣ ಚೆಲ್ಲಿದಂತೆ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಹೊಲದಲ್ಲಿ ಕುರಿ ನಿಲ್ಲಿಸಬಾರದು. ಕೆಸರಿನಲ್ಲಿ ನಿಂತ ಕುರಿಗೆ ಗೊರಸಿನ ರೋಗ ಬರುತ್ತದೆ, ನೆಲವೂ ತುಳಿತಕ್ಕೆ ಗಟ್ಟಿಯಾಗುತ್ತದೆ. ಜಾಲಿ ಕಾಯಿ ತಿಂದು ಬಂದ ಹಿಂಡಾದರೆ ಬೀಜಗಳು ಹಿಕ್ಕೆಯಲ್ಲಿ ಬಂದು ಹೊಲದಲ್ಲಿ ಮೊಳೆಯುತ್ತವೆ. ಅಂಥ ಸಸಿಗಳನ್ನು ಮೊದಲ ವರ್ಷವೇ ಕಿತ್ತು ಹಾಕಬೇಕು.

ರೈತನ ಹೊಣೆಯೂ ಇದೆ. ಹೊಲದಲ್ಲಾಗಲಿ ಬದುವಿನಲ್ಲಾಗಲಿ ಕೀಟನಾಶಕ, ಕಳೆನಾಶಕ ಹೊಡೆದಿದ್ದರೆ ಮುಂಚಿತವಾಗಿ ಹೇಳಬೇಕು. ಕೊಯ್ದ ಜೋಳದ ಕೂಳೆ ನೀರು ತಾಗಿ ಚಿಗುರಿದ್ದರೆ ಆ ಎಳೆ ಚಿಗುರಿನಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ವಿಷವಿರುತ್ತದೆ. ಹಸಿದ ಕುರಿಗಳು ಅದನ್ನು ಮೇದರೆ ನೋಡನೋಡುತ್ತ ಸಾಯುತ್ತವೆ. ಒಂದು ರಾತ್ರಿಯ ಗೊಬ್ಬರದ ಆಸೆಗೆ ಒಬ್ಬನ ಬದುಕೇ ಹಾಳಾಗಬಾರದು. ಅದೇ ರೀತಿ ಕುರಿಗಾರನು ಹಿಂಡಿಗೆ ಪಿ.ಪಿ.ಆರ್. ಮೊದಲಾದ ಲಸಿಕೆ ಹಾಕಿಸಿರಬೇಕು. ಊರಿನ ಆಡು ಕುರಿಗಳಿಗೆ ರೋಗ ಹಬ್ಬದಂತೆ ಇದು ಅವಶ್ಯ.

ಚೀಟಿಯಲ್ಲಿ ಬರೆಯಬೇಕಾದದ್ದು

ಬಾಯಿಮಾತಿನ ಕರಾರು ಹಳೆಯ ರೂಢಿ. ಆದರೂ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಇಬ್ಬರಿಗೂ ಕ್ಷೇಮ. ಕುರಿಗಳ ಸಂಖ್ಯೆ (ಸಂಜೆ ಇಬ್ಬರೂ ಕೂಡಿ ಎಣಿಸಿದ್ದು), ರಾತ್ರಿಗಳ ಸಂಖ್ಯೆ, ನೂರು ಕುರಿಗೆ ಒಪ್ಪಿದ ದರ, ಮುಂಗಡ ಮತ್ತು ಬಾಕಿ, ನೆರೆಯವರ ಬೆಳೆಗೆ ಹಾನಿಯಾದರೆ ಯಾರು ಹೊಣೆ, ಮಳೆ ಬಂದು ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ಎಂಬ ವಿಷಯಗಳು ಅದರಲ್ಲಿರಲಿ. ಕರ್ನಾಟಕದಲ್ಲಿ 1974ರ ಭೂ ಸುಧಾರಣಾ ತಿದ್ದುಪಡಿಯಿಂದ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಕುರಿ ನಿಲ್ಲಿಸುವುದು ಗೇಣಿಯಲ್ಲ, ಭೂಮಿಯ ಸ್ವಾಧೀನ ರೈತನಲ್ಲಿಯೇ ಉಳಿಯುತ್ತದೆ. ಚೀಟಿಯಲ್ಲಿ "ಗೊಬ್ಬರಕ್ಕಾಗಿ ಇಷ್ಟು ರಾತ್ರಿ ಕುರಿ ನಿಲ್ಲಿಸುವ ಬಗ್ಗೆ" ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಮೇಲಿನ ಲೆಕ್ಕವನ್ನು ಹಾಕಿದಾಗ ಕೆಲವು ಸಲ ಕುರಿಗಾರನ ಕೆಳಮಿತಿಯೇ ರೈತನ ಮೇಲ್ಮಿತಿಗಿಂತ ಹೆಚ್ಚು ಬರಬಹುದು. ಅಂಥಲ್ಲಿ ಎಷ್ಟು ಚೌಕಾಸಿ ಮಾಡಿದರೂ ಒಬ್ಬರಿಗೆ ನಷ್ಟವೇ. ಆ ವರ್ಷ ಕೈಮುಗಿದು ಬಿಡುವುದು ಲೇಸು. ಎರಡು ಅಂಕಿಗಳ ನಡುವೆ ಜಾಗವಿದ್ದಲ್ಲಿ ಮಾತ್ರ ಕೊನೆಯ ಹತ್ತಿಪ್ಪತ್ತು ರೂಪಾಯಿಗೆ ಹಟ ಹಿಡಿಯದಿರಿ. ನಿಮ್ಮ ಹೊಲದಲ್ಲಿ ಗಿಟ್ಟಿತೆಂದು ಕಂಡ ಕುರಿಗಾರ ಮುಂದಿನ ಸುಗ್ಗಿಗೆ ಕರೆಯದಿದ್ದರೂ ನಿಮ್ಮ ಬದುವಿಗೆ ಬಂದು ನಿಲ್ಲುತ್ತಾನೆ.