ಮಡಿಲು ಮತ್ತು ಪೆಟ್ಟಿಗೆ

ಊರು ಬಿಡುವುದಕ್ಕೆ ನಮ್ಮ ಭಾಷೆಯಲ್ಲಿ 'ಗಂಟುಮೂಟೆ ಕಟ್ಟುವುದು' ಎಂಬ ಇನ್ನೊಂದು ಹೆಸರುಂಟು. ಬಟ್ಟೆಯ ನಾಲ್ಕು ಚುಂಗುಗಳನ್ನು ಕೂಡಿಸಿ ಬಿಗಿದುದು ಗಂಟು. ಬೆನ್ನಿಗೋ ಬಂಡಿಗೋ ಏರಿಸಬೇಕಾದದ್ದು ಮೂಟೆ. ಇವುಗಳ ಜೊತೆಗೆ ಹೆಗಲಿನ ಮುಂದಕ್ಕೂ ಹಿಂದಕ್ಕೂ ಇಳಿಬೀಳುವ ಹಸಿಬೆ, ಗೋಣಿಚೀಲ, ಭರಣಿ, ಸಂದೂಕ, ಬುತ್ತಿಯ ಡಬ್ಬಿ—ಹೀಗೆ ಹೊರಡುವವನ ಸಾಮಗ್ರಿಗೆ ಕನ್ನಡದಲ್ಲಿ ಹೆಸರಿನ ಬಡತನವಿಲ್ಲ. ಸ್ವಲ್ಪ ನಿಧಾನಿಸಿ ನೋಡಿದರೆ, ಈ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ವಾಹನವಿರುವುದು ಕಂಡುಬರುತ್ತದೆ. ಹಸಿಬೆ ನಡೆಯುವವನ ಹೆಗಲಿಗೆ, ಮೂಟೆ ಎತ್ತಿನ ಬಂಡಿಗೆ, ಟ್ರಂಕು ರೈಲಿಗೆ. ಪೆಟ್ಟಿಗೆಯ ಆಕಾರವನ್ನು ಗೊತ್ತುಮಾಡುವವನು ಅದರ ಒಡೆಯನಲ್ಲ. ಅದನ್ನು ಹೊರುವ ವಾಹನ. ಮಳೆಯ ನೀರು ಇಳಿದು ಹೋಗಲೆಂದು ಹಿಂದೆ ಟ್ರಂಕುಗಳ ಮುಚ್ಚಳ ಗುಮ್ಮಟದಂತೆ ಉಬ್ಬಿರುತ್ತಿತ್ತು. ರೈಲು-ಹಡಗುಗಳ ಕಾಲ ಬಂದಾಗ ಒಂದರ ಮೇಲೊಂದು ಪೇರಿಸಲು ಅನುಕೂಲವಾಗಲೆಂದು ೧೮೫೮ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಚಪ್ಪಟೆ ಮುಚ್ಚಳದ ಟ್ರಂಕನ್ನು ಮಾಡಿದನು. ಉಬ್ಬಿದ್ದದ್ದು ಸಮತಟ್ಟಾಯಿತು, ಅಷ್ಟೆ.

ಈ ವಾಹನಗಳಲ್ಲೆಲ್ಲ ಅತ್ಯಂತ ನಿಷ್ಠುರವಾದುದು ವಿಮಾನ. ಬಂಡಿಯವನೊಡನೆ ಚೌಕಾಸಿ ಮಾಡಬಹುದು. ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಬಹುದು. ವಿಮಾನ ನಿಲ್ದಾಣದ ತೂಕದ ಯಂತ್ರದ ಮುಂದೆ ಮಾತ್ರ ದಾಕ್ಷಿಣ್ಯದ ಮಾತಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ದೊರೆಯುವುದು ಎರಡು ಪೆಟ್ಟಿಗೆ, ತಲಾ ೨೩ ಕಿಲೋ. ಒಂದೊಂದರ ಉದ್ದ, ಅಗಲ, ಎತ್ತರಗಳನ್ನು ಕೂಡಿಸಿದರೆ ೧೫೮ ಸೆಂಟಿಮೀಟರನ್ನು ಮೀರಬಾರದು; ಚಕ್ರ, ಹಿಡಿಕೆಗಳೂ ಈ ಲೆಕ್ಕದೊಳಗೆ. ಕೈಯಲ್ಲಿ ಒಯ್ಯುವ ಚೀಲಕ್ಕೆ ಏಳೆಂಟು ಕಿಲೋ. ಹೆಚ್ಚು ಹಣ ತೆತ್ತರೂ ೩೨ ಕಿಲೋ ಮೀರಿದ ಒಂದೇ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಅದನ್ನು ಎತ್ತಿ ಇಳಿಸುವವರಿಗೂ ಒಂದು ಸೊಂಟವಿದೆಯಷ್ಟೆ.

ಕಳೆದ ವರ್ಷ ನನ್ನ ತಂಗಿಯ ಮಗಳು ಗಂಡನಿರುವ ಡಲ್ಲಾಸ್ ನಗರಕ್ಕೆ ಸಂಸಾರ ಹೂಡಲು ಹೊರಟಳು. ತಂಗಿಯ ಮನೆ ತಿಪಟೂರಿನ ಸೀಮೆಯಲ್ಲಿ. ತೆಂಗಿನ ತೋಟ, ಕೊಬ್ಬರಿಯ ವ್ಯವಹಾರ. ಹೀಗಾಗಿ ಆ ಮನೆಯಲ್ಲಿ ತಕ್ಕಡಿಗೆ ಕೊರತೆಯಿರಲಿಲ್ಲ. ತನ್ನ ಮದುವೆಯಲ್ಲಿ ತಂದೆ ಕೊಡಿಸಿದ ಉಕ್ಕಿನ ಟ್ರಂಕನ್ನೇ ಮಗಳು ಒಯ್ಯಲೆಂಬುದು ತಂಗಿಯ ಆಸೆ. ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ಬರಿದಾದ ಟ್ರಂಕನ್ನಿಟ್ಟು ನೋಡಿದರೆ ಹನ್ನೊಂದು ಕಿಲೋ! ಇಪ್ಪತ್ತಮೂರರಲ್ಲಿ ಅರ್ಧದಷ್ಟು ಪೆಟ್ಟಿಗೆಗೇ ಆಹುತಿ. "ಮಾವ, ಇದರಲ್ಲಿ ನಾನು ಟ್ರಂಕನ್ನೇ ಒಯ್ದಹಾಗಾಯಿತು, ಮನೆಯನ್ನಲ್ಲ" ಎಂದಳು ಹುಡುಗಿ. ಪೆಟ್ಟಿಗೆಯ ಆಯ್ಕೆಯ ಸಾರವೆಲ್ಲ ಈ ಒಂದು ಮಾತಿನಲ್ಲಿದೆ. ಪೆಟ್ಟಿಗೆ ಒಂದು ಕಿಲೋ ಹೆಚ್ಚು ತೂಗಿದರೆ ಮನೆಯ ಒಂದು ಕಿಲೋ ಇಲ್ಲಿಯೇ ಉಳಿಯುತ್ತದೆ. ಆದುದರಿಂದ ಅಂಗಡಿಯಲ್ಲಿ ಬಣ್ಣವನ್ನು ನೋಡುವುದಕ್ಕೆ ಮೊದಲು ಬರಿ ಪೆಟ್ಟಿಗೆಯ ತೂಕವನ್ನು ಕೇಳುವುದೇ ಜಾಣತನ.

ನಾವು ಆರಿಸಿದ್ದು ಒಂದು ಗಟ್ಟಿ ಸೂಟ್‌ಕೇಸು, ಒಂದು ಮೆತ್ತನೆಯ ಚೀಲ. ಗಟ್ಟಿ ಕವಚದವುಗಳಲ್ಲಿ ಪಾಲಿಕಾರ್ಬೊನೇಟಿನದು ಪೆಟ್ಟು ಬಿದ್ದರೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ; ಅಗ್ಗದ ಎಬಿಎಸ್ ಪ್ಲಾಸ್ಟಿಕ್ಕಿನದು ಬಾಗಲಾರದೆ ಸೀಳುವುದು ಹೆಚ್ಚು. ಒಡೆಯುವಂಥದು, ನುಗ್ಗಾಗುವಂಥದು ಇದರೊಳಗೆ: ಇಡ್ಲಿಯ ತಟ್ಟೆಗಳು, ಒಗ್ಗರಣೆಯ ಸೌಟು, ಸೀರೆಯಲ್ಲಿ ಸುತ್ತಿದ ಹಿತ್ತಾಳೆಯ ದೀಪ. ಬಟ್ಟೆಬರೆಗೆ ಕವಚವೇಕೆ? ಅದಕ್ಕೆ ಒಂದೂವರೆ ಕಿಲೋದ ನೈಲಾನ್ ಚೀಲ ಸಾಕು. ಮಳೆಗೆ ನೆನೆಯದಂತೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ. ಸೂಟ್‌ಕೇಸು ನಾಲ್ಕೂವರೆ, ಚೀಲ ಒಂದೂವರೆ. ನಲವತ್ತಾರರಲ್ಲಿ ಆರು ಹೋಗಿ ನಲವತ್ತು ಕಿಲೋ ಮನೆ ಉಳಿಯಿತು. ಅದರಲ್ಲಿ ಸೋದರಮಾವನ ಪಾಲಿಗೆ ಬಂದದ್ದು ಮೂರು ಕಿಲೋ ಪುಸ್ತಕ. ಪುಸ್ತಕಗಳನ್ನು ಒಂದೇ ಕಡೆ ತುಂಬಬಾರದು. ಕಾಗದದಷ್ಟು ಸದ್ದಿಲ್ಲದೆ ಭಾರವಾಗುವ ವಸ್ತು ಮತ್ತೊಂದಿಲ್ಲ.

ಚಕ್ರದ ವಿಚಾರವಾಗಿಯೂ ಎರಡು ಮಾತು. ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದವನು ಸೂಟ್‌ಕೇಸಿಗೆ ನಾಲ್ಕು ಚಕ್ರ ಕಟ್ಟಿ, ಪಟ್ಟಿ ಹಿಡಿದು ಎಳೆಯುವ ಉಪಾಯಕ್ಕೆ ೧೯೭೨ರಲ್ಲಿ ಪೇಟೆಂಟ್ ಪಡೆದನು. ನೆಟ್ಟಗೆ ನಿಲ್ಲಿಸಿ ಉದ್ದ ಹಿಡಿಕೆಯಿಂದ ಎಳೆಯುವ ಎರಡು ಚಕ್ರದ ಪೆಟ್ಟಿಗೆಯನ್ನು ೧೯೮೭ರಲ್ಲಿ ರೂಪಿಸಿದವನು ರಾಬರ್ಟ್ ಪ್ಲಾತ್ ಎಂಬ ವಿಮಾನಚಾಲಕ. ಎರಡು ಚಕ್ರದ್ದು ಕಲ್ಲುಮಣ್ಣಿನ ದಾರಿಯನ್ನು ತಾಳಿಕೊಳ್ಳುತ್ತದೆ. ನಾಲ್ಕು ಚಕ್ರದ್ದು ನುಣುಪಾದ ನೆಲದಲ್ಲಿ ಬೆರಳಿನ ಸನ್ನೆಗೆ ಓಡುತ್ತದೆ, ಆದರೆ ಹೊರಚಾಚಿದ ಚಕ್ರ ಮುರಿಯುವುದೂ ಬೇಗ.

ಇನ್ನು ಪೆಟ್ಟಿಗೆಯೊಳಗಿನ ಡಬ್ಬಿಗಳು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಆಗ ಡಬ್ಬಿಯೊಳಗಿನ ಗಾಳಿ ಹಿಗ್ಗಿ, ಕಂಠದವರೆಗೆ ತುಂಬಿದ ಉಪ್ಪಿನಕಾಯಿಯ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಪಿಂಗಾಣಿಯ ಭರಣಿಗಾಗಲಿ ಗಾಜಿನ ಸೀಸೆಗಾಗಲಿ ಇಲ್ಲಿ ಸ್ಥಾನವಿಲ್ಲ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಬೆರಳು ಜಾಗ ಬಿಟ್ಟು, ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿ, ಎರಡು ಚೀಲಗಳೊಳಗಿಟ್ಟರೆ ಸೀರೆಗಳು ಬದುಕಿಕೊಳ್ಳುತ್ತವೆ. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್‌ಬ್ಯಾಂಕು, ಔಷಧಿ, ಪದವಿಪತ್ರ, ಒಡವೆ—ಇವು ಕೈಚೀಲವನ್ನು ಬಿಟ್ಟು ಹೋಗಬಾರದು. ಪವರ್‌ಬ್ಯಾಂಕನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಡುವುದಂತೂ ನಿಷಿದ್ಧ.

ಇಷ್ಟರವರೆಗೆ ಎಲ್ಲವೂ ಲೆಕ್ಕಾಚಾರ. ಲೆಕ್ಕಕ್ಕೆ ಸಿಗದ ತೊಡಕು ಎದುರಾದದ್ದು ಮಡಿಲಕ್ಕಿಯಲ್ಲಿ. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಬಟ್ಟಲು, ರವಿಕೆಯ ಕಣಗಳನ್ನು ತುಂಬಿ ಕಳುಹುವುದು ನಮ್ಮ ಕಡೆಯ ವಾಡಿಕೆ. ಹೆಣ್ಣಿಗೆ ಅವಳ ತಾಯಿ ಕೊಡುವ ಮೊದಲನೆಯ ಪೆಟ್ಟಿಗೆ ಅದೇ ಮಡಿಲು. ಆದರೆ ಒಣಕೊಬ್ಬರಿ ಎಣ್ಣೆಯ ಗಣಿ. ಕಿಡಿ ತಾಗದೆಯೇ ಒಳಗೊಳಗೆ ಕಾವೇರಬಲ್ಲ ಪದಾರ್ಥಗಳ ಸಾಲಿನಲ್ಲಿ ವಿಮಾನಯಾನದ ನಿಯಮಗಳು ಅದನ್ನು ಸೇರಿಸಿವೆ. ಅಕ್ಕಿಯನ್ನೋ, ಖಾಪ್ರಾ ಎಂಬ ದುಂಬಿಯ ಭಯದಿಂದ, ಆ ಕೀಟವಿರುವ ದೇಶಗಳ ಪ್ರಯಾಣಿಕರು ತರಬಾರದೆಂದು ಅಮೆರಿಕ ೨೦೧೧ರಲ್ಲಿ ವಿಧಿಸಿತು. ಹಸಿ ಕರಿಬೇವು ಕೂಡ ಅಲ್ಲಿಗೆ ಸಲ್ಲದು. ಅದು ನಿಂಬೆ ಕಿತ್ತಳೆಗಳ ಬಳಗದ್ದು, ಅವುಗಳ ತೋಟಕ್ಕೆ ರೋಗ ಹರಡುವ ಕೀಟ ಅದರ ಎಲೆಯಲ್ಲಿಯೂ ಬಾಳುತ್ತದೆ. ಕಾರಣಗಳೇನೋ ನ್ಯಾಯವಾದುವೇ. ಅಲ್ಲಿಯ ರೈತನೂ ರೈತನೇ ತಾನೆ?

ಇದನ್ನೆಲ್ಲ ನಾನು ವಿವರಿಸಿದಾಗ ತಂಗಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಣ್ಣಾ, ಕೊಬ್ಬರಿಯ ಮನೆಯ ಮಗಳು. ಒಂದು ಗಿಟುಕು ಕೊಬ್ಬರಿಯಿಲ್ಲದೆ ಬರಿಯ ಮಡಿಲಲ್ಲಿ ಹೇಗೆ ಕಳಿಸಲಿ?" ಎಂದಳು. ಕನ್ನಡ ಎಂ.ಎ. ಓದಿದ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಬಂದದ್ದು ನಮ್ಮ ಸೋದರತ್ತೆಯಿಂದ. ಎಂಬತ್ತು ದಾಟಿದ ಜೀವ. "ಮಡಿಲು ತುಂಬೇ. ತುಂಬಿದ್ದನ್ನು ಇಲ್ಲೇ ಬೇಯಿಸಿ ಮಗಳಿಗೆ ಬಡಿಸು" ಎಂದರು. ಮಡಿಲಕ್ಕಿ ಗಂಡನ ಮನೆಯಲ್ಲಿ ಬೇಯಬೇಕಲ್ಲವೆ ಎಂದು ಯಾರೋ ಸಂಶಯವೆತ್ತಿದರು. "ಅವಳ ಹೊಟ್ಟೆಯೊಳಗಿದ್ದರೆ ಗಂಡನ ಮನೆಗೇ ಹೋಯಿತಲ್ಲ! ಅದನ್ನು ಯಾವನು ಬಿಚ್ಚಿ ನೋಡಿಯಾನು?" ಎಂದು ಮುದುಕಿ ನಕ್ಕಳು. ಹೊರಡುವ ಹಿಂದಿನ ಸಂಜೆ ಮಡಿಲು ತುಂಬಿದರು. ಅದೇ ಅಕ್ಕಿ, ಅದೇ ಬೆಲ್ಲ, ಅದೇ ಕೊಬ್ಬರಿಯ ತುರಿ ಪಾಯಸವಾಗಿ ರಾತ್ರಿ ಅವಳ ಎಲೆಗೆ ಬಂದಿತು. ತಂಗಿ ಪಕ್ಕದಲ್ಲಿ ಕುಳಿತು ಬಡಿಸಿದಳು. ಮಗಳು ಎರಡನೆಯ ಸಲವೂ ಬೇಡವೆನ್ನಲಿಲ್ಲ. ರವಿಕೆಯ ಕಣವೂ ಕುಂಕುಮದ ಭರಣಿಯೂ ಸೂಟ್‌ಕೇಸಿನಲ್ಲಿ ಹೋದುವು.

ಹೊಸ ನಾಡಿಗೆ ಹೊರಡುವವರು ಇದರಿಂದ ತಮ್ಮ ಸಾಮಾನನ್ನು ಮೂರು ಪಾಲು ಮಾಡಿಕೊಳ್ಳಬಹುದು. ಅಲ್ಲಿಯೂ ದೊರೆಯುವುದನ್ನು ಇಲ್ಲಿಂದ ಹೊರುವುದು ವ್ಯರ್ಥ. ಅಲ್ಲಿ ದೊರೆಯದ, ಆದರೆ ಒಯ್ಯಬಹುದಾದದ್ದಕ್ಕೆ ಪೆಟ್ಟಿಗೆ. ತಿನ್ನುವ ವಸ್ತುವಾದರೆ ಇಳಿದೊಡನೆ ಅಲ್ಲಿಯ ಅಧಿಕಾರಿಗೆ ತಿಳಿಸಿಬಿಡುವುದು ಕ್ಷೇಮ. ಒಯ್ಯಲಾಗದ್ದನ್ನು ಹೊರಡುವ ಮೊದಲು ಮನಸಾರೆ ಉಂಡು, ಕಂಡು, ಕೇಳಿ ಮುಗಿಸಬೇಕು. ಅದಕ್ಕೆ ತೂಕವಿಲ್ಲ, ತಪಾಸಣೆಯಿಲ್ಲ. ಹೊರಡುವ ವಾರವನ್ನೆಲ್ಲ ಅಂಗಡಿ ಸುತ್ತುವುದರಲ್ಲಿಯೇ ಕಳೆದವರಿಗೆ ಈ ಮೂರನೆಯ ಪಾಲು ತಪ್ಪಿಹೋಗುತ್ತದೆ.

ಕಡೆಯದಾಗಿ ಒಂದು ಸಣ್ಣ ಸೂಚನೆ. ಪೆಟ್ಟಿಗೆಯನ್ನು ೨೩ಕ್ಕೆ ಸರಿಯಾಗಿ ತುಂಬಬೇಡಿ, ೨೨ಕ್ಕೆ ನಿಲ್ಲಿಸಿ. ತಕ್ಕಡಿಗಳು ಒಂದಕ್ಕೊಂದು ಒಪ್ಪುವುದಿಲ್ಲವೆಂಬುದು ಒಂದು ಕಾರಣ. ಕಾರಿನ ಬಾಗಿಲು ಹಾಕುವ ಹೊತ್ತಿಗೆ ಪಕ್ಕದ ಮನೆಯವರು ಯಾರಾದರೂ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದು ಓಡಿಬಂದೇ ಬರುತ್ತಾರೆಂಬುದು ಇನ್ನೊಂದು.